ಕರಡಿಯ ಹಿಂದಿನ ಎರಡು ಚುಕ್ಕೆ

ಮೆಮೊರಿ ಕಾರ್ಡು ಕೊಳ್ಳಲು ಬಂದವರು ಮೊದಲು ಕೇಳುವುದು ‘ಎಷ್ಟು ಎಂಬಿ?’ ಎಂದು. ಆಮೇಲೆ ‘ಎಷ್ಟಕ್ಕೆ ಕೊಡ್ತೀರಿ?’ ಎಂದು. ಎರಡನ್ನೂ ಕೇಳಿ, ಬೇಡ ಅನ್ನುವುದಿಲ್ಲ. ನಾನೂ ಚೌಕಾಸಿ ಮಾಡಿಯೇ ಮೇಲೆ ಬಂದವನು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಎರಡು ಮಾತುಗಳಿವೆ. ನನ್ನ ಕ್ಯಾಮೆರಾ ಈ ಕಾರ್ಡನ್ನು ಒಪ್ಪುತ್ತದೆಯೇ? ಒಪ್ಪಿದರೆ, ಕೊಟ್ಟದ್ದನ್ನು ಕೊಟ್ಟ ಹಾಗೇ ವಾಪಸು ಕೊಡುತ್ತದೆಯೇ? ಇಷ್ಟನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು. ಕಲಿತ ಜಾಗ ಸಿದ್ಧಾರ್ಥನಗರದ ಒಂದು ತಗಡಿನ ಶೆಡ್ಡು. ಅಲ್ಲಿಗೆ ಈಗಲೂ ಒಬ್ಬನೇ ಹೋಗು ಅಂದರೆ ಯೋಚನೆ ಮಾಡುತ್ತೇನೆ.

ಆಗ ಊರಿನ ಸ್ಟುಡಿಯೋಗಳಲ್ಲಿ ರೀಲೇ ರಾಜ. ಕುವೆಂಪುನಗರದ ನನ್ನ ಅಂಗಡಿಗೆ ಒಂದು ಮೂರು ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮೆರಾ ತಂದಿದ್ದೆ. ಮಸ್ಕತ್ತಿನಿಂದ ವಾಪಸು ಬಂದವರೊಬ್ಬರು ಬಳಸಿದ್ದು. ಅದಕ್ಕೆ ಹಾಕುವ ಕಾರ್ಡು ಈಗಿನವುಗಳ ಹಾಗೆ ಗಟ್ಟಿ ಬಿಲ್ಲೆಯಲ್ಲ. ಸ್ಮಾರ್ಟ್‌ಮೀಡಿಯಾ ಅನ್ನುತ್ತಿದ್ದರು. ಬೆಂಕಿಪೊಟ್ಟಣದ ಅಗಲ, ರಟ್ಟಿನಷ್ಟು ತೆಳು, ಒಂದು ಬದಿಯಲ್ಲಿ ಬಂಗಾರದ ಬಣ್ಣದ ತಗಡು.

ಅರಸು ರಸ್ತೆಯ ಹಿಂದಿನ ಗಲ್ಲಿಯ ವ್ಯಾಪಾರಿಯೊಬ್ಬನ ಹತ್ತಿರ ಮೊದಲು ತಂದದ್ದು ನೂರಿಪ್ಪತ್ತೆಂಟು ಎಂಬಿಯ ಎರಡು ಕಾರ್ಡು. ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ? ಕ್ಯಾಮೆರಾಗೆ ಹಾಕಿದರೆ ಕಾರ್ಡೇ ಇಲ್ಲ ಅನ್ನುತ್ತದೆ. ಹಳೆಯ ಕ್ಯಾಮೆರಾ, ಅರವತ್ತನಾಲ್ಕರ ಮೇಲೆ ಎಣಿಸಲು ಅದಕ್ಕೆ ಬಾರದು. ಹೋಗಿ ಬದಲಾಯಿಸಿದೆ. ಅರವತ್ತನಾಲ್ಕೆಂದು ಕೊಟ್ಟ ಎರಡರಲ್ಲಿ ಒಂದು ಹಳೇ ಕಾಲದ್ದು, ಒಳಕ್ಕೇ ಇಳಿಯಲಿಲ್ಲ. ಬಂಗಾರದ ಮುಖ ಮೇಲೆ ಮಾಡಿ ಹಿಡಿದರೆ, ಎಡ ಮೂಲೆ ಕತ್ತರಿಸಿದ್ದು ಐದು ವೋಲ್ಟಿನದು, ಬಲ ಮೂಲೆ ಕತ್ತರಿಸಿದ್ದು ಮೂರು ಚಿಲ್ಲರೆ ವೋಲ್ಟಿನದು. ನನ್ನದಕ್ಕೆ ಬಲ ಮೂಲೆಯದೇ ಆಗಬೇಕು. ಮತ್ತೆ ಹೋದೆ.

“ಏನ್ ಗುರುವೇ, ದಿನಾ ದರ್ಶನಕ್ಕೆ ಬಂದ್ಬುಡ್ತೀರಿ?” ಎಂದ ವ್ಯಾಪಾರಿ.

“ದರ್ಶನಕ್ಕೆ ಬಂದೋರ್ಗೆ ಪ್ರಸಾದ ಕೊಡ್ಬೇಕು. ಕಾರ್ಡ್ ರೀಡರ್ ಒಂದು ಸೇರಿಸ್ಕೊಡಿ, ನಾಳೆಯಿಂದ ಬರಲ್ಲ,” ಎಂದೆ.

ಕೊಟ್ಟ. ಕೊಳ್ಳುವಾಗ ಕ್ಯಾಮೆರಾ ಜೊತೆಯಲ್ಲಿರಲಿ, ಅಂಗಡಿಯಲ್ಲೇ ಹಾಕಿ ನೋಡಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಕ್ಯಾಮೆರಾ ಮುನಿಸಿಕೊಳ್ಳುತ್ತದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ನಮ್ಮೂರಿನಲ್ಲಿ ಕತ್ತರಿಯಿಂದ ಲಾರಿಯವರೆಗೆ ಯಾವುದಕ್ಕೂ ಗಂಧ ಕುಂಕುಮ ತಪ್ಪುವುದಿಲ್ಲ. ಕ್ಯಾಮೆರಾಗಳು, ಸ್ಟ್ಯಾಂಡು, ಸ್ಕೂಟರು ಎಲ್ಲವೂ ಆಯಿತು. ಎರಡು ಕಾರ್ಡುಗಳನ್ನು ತಟ್ಟೆಯಲ್ಲಿಟ್ಟೆ. ಬಂಗಾರದ ಮುಖ ಇರುವಾಗ ಕಪ್ಪು ಮುಖಕ್ಕೆ ಯಾರು ಪೂಜೆ ಮಾಡುತ್ತಾರೆ? ತಗಡಿನ ಪಕ್ಕದಲ್ಲಿ ಒಂದು ಪುಟ್ಟ ದುಂಡು ಗುರುತಿತ್ತು. ಚಿತ್ರ ಅಳಿಸದ ಹಾಗೆ ಸ್ಟಿಕ್ಕರು ಅಂಟಿಸಲು ಬಿಟ್ಟ ಜಾಗವದು. ಬೊಟ್ಟಿಡಲೆಂದೇ ಮಾಡಿದಂತಿತ್ತು. ಇಟ್ಟೆ. ಮರುದಿನ ಅಂಗಿಗೆ ಒರೆಸಿ ಕ್ಯಾಮೆರಾಗೆ ಹಾಕಿದೆ.

ಪೂಜೆಯ ಸಂಜೆ ಕಡ್ಲೆಪುರಿ ಹಂಚುತ್ತಿದ್ದಾಗ ಸರ್ಕಾರಿ ಶಾಲೆಯ ಟೀಚರೊಬ್ಬರು ಬಂದರು. ವಯಸ್ಸು ನಲವತ್ತೈದರ ಆಸುಪಾಸು, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಕೈಯಲ್ಲಿ ಪತ್ರಿಕೆಯ ತುಣುಕು. ಮನೆಗಳಲ್ಲಿ ಕಾಡುಪ್ರಾಣಿಯ ಚರ್ಮ, ಕೊಂಬು, ತುಂಬಿಟ್ಟ ಪ್ರಾಣಿ ಇಟ್ಟುಕೊಂಡವರು ಗಡುವಿನೊಳಗೆ ಅರಣ್ಯ ಇಲಾಖೆಗೆ ಬರೆದುಕೊಡಬೇಕು, ಆಮೇಲೆ ಸಿಕ್ಕರೆ ಕೇಸು ಎಂದಿತ್ತು. ಗಡುವು ಮುಂದಿನ ಶುಕ್ರವಾರ.

“ನಮ್ಮಪ್ಪ, ಈಗಿಲ್ಲ, ಸತ್ತ ಪ್ರಾಣಿ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸೋ ಕೆಲಸ ಮಾಡ್ತಿದ್ರು. ಬೇಟೆಗಾರರು ತಂದು ಕೊಟ್ಟು ಎಷ್ಟೋ ಜನ ವಾಪಸು ಒಯ್ಲೇ ಇಲ್ಲ. ಅಪ್ಪನ ಪುಸ್ತಕದ ಪ್ರಕಾರ ನಲವತ್ತೊಂದಿವೆ. ಒಂದೊಂದಕ್ಕೂ ಒಂದು ಫೋಟೋ ಹಚ್ಚಿ ತನ್ನಿ ಅಂದ್ರು ಆಫೀಸಲ್ಲಿ. ಲೆಕ್ಕ ತಪ್ಪಿ ಕೇಸಾದ್ರೆ ನಾನು ಸಸ್ಪೆಂಡು. ಮನೇಲಿ ಸಂಬಳ ತರೋಳು ನಾನೊಬ್ಳೆ ಸಾರ್.”

“ರೀಲು ಯಾಕೆ ದಂಡ ಮೇಡಂ? ಡಿಜಿಟಲ್ಲು. ಸೋಮವಾರ ತೆಗೀತೀನಿ, ಮಂಗಳವಾರ ಕೈಗೆ ಕೊಡ್ತೀನಿ,” ಎಂದೆ. ಹೊಸ ಕ್ಯಾಮೆರಾದ ಚಪಲ ನನಗೆ.

ಸೋಮವಾರ ಹತ್ತು ಗಂಟೆಗೆ ಹೋದೆ. ಮನೆಯ ಹಿಂದೆ ಶೆಡ್ಡು. ಬಿಸಿಲಿಗೆ ಚರ್ಮ ಬಣ್ಣ ಕಳೆಯುತ್ತದೆಂದು ಕಿಟಕಿಗಳಿಗೆಲ್ಲ ಪತ್ರಿಕೆ ಅಂಟಿಸಿದ್ದರು. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕಷಾಯದ ಬಣ್ಣದ ಬೆಳಕು. ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಮತ್ತೊಂದು ಹಳೆಯ ವಾಸನೆ. “ಪಾಷಾಣ ಹಾಕಿದ ಸೋಪು ಸಾರ್, ಹುಳ ಹಿಡೀಬಾರ್ದು ಅಂತ. ಯಾವುದನ್ನ ಮುಟ್ಟಿದ್ರೂ ಕೈ ತೊಳ್ಕೊಳ್ಳಿ,” ಎಂದರು ಟೀಚರು.

ಗೋಡೆಯ ಉದ್ದಕ್ಕೂ ತಲೆಗಳು. ಹನ್ನೊಂದು ಚುಕ್ಕಿ ಜಿಂಕೆ, ಆರು ಕೃಷ್ಣಮೃಗ, ಕಡವೆ, ಕಾಡುಹಂದಿ. ಕೊನೆಯಲ್ಲಿ ನೆಲದ ಮೇಲೆ ಪೂರ್ತಿ ಆಕಾರದವು: ಒಂದು ಕಾಟಿ, ಎರಡು ಸೀಳುನಾಯಿ, ಹಿಂಗಾಲಲ್ಲಿ ನಿಂತ ಒಂದು ಕರಡಿ. ಪ್ರತಿಯೊಂದರ ಕತ್ತಿಗೂ ನಂಬರು ಕೊರೆದ ಸತುವಿನ ಬಿಲ್ಲೆ.

ಮೊದಲ ಫ್ಲ್ಯಾಶ್ ಹೊಡೆದಾಗ ಗೋಡೆಯಲ್ಲಿದ್ದ ಅಷ್ಟೂ ಜೊತೆ ಗಾಜಿನ ಕಣ್ಣು ಒಮ್ಮೆಗೇ ತೆರೆದು ಮುಚ್ಚಿದಂತಾಯಿತು. ತಗಡಿನ ಸೂರು ಬಿಸಿಲಿಗೆ ಕಾದು ಟಕ್ ಟಕ್ ಅನ್ನುತ್ತಿತ್ತು, ಯಾರೋ ಮೇಲೆ ಉಗುರೂರಿ ನಡೆದ ಹಾಗೆ.

“ಅಭ್ಯಾಸ ಆಗುತ್ತೆ. ನಾನು ಇದ್ರಲ್ಲೇ ಬೆಳೆದೋಳು,” ಎಂದರು ಟೀಚರು. “ನಮ್ಮದು ಮಠಕ್ಕೆ ನಡ್ಕೊಳ್ಳೋ ಮನೆ. ಅಪ್ಪ ಒಂದು ದಿನಕ್ಕೂ ಮಾಂಸ ತಿಂದೋರಲ್ಲ. ಆದ್ರೂ ನೆಂಟರು ನಮ್ಮನೇಲಿ ನೀರು ಕುಡೀತಿರಲಿಲ್ಲ. ಕೆಲಸ ಎಂಥದೋ ಇರಲಿ, ಅಪ್ಪ ಕದ್ದು ಏನೂ ಮಾಡ್ಲಿಲ್ಲ, ಪ್ರತಿಯೊಂದಕ್ಕೂ ಬಿಲ್ಲೆ ಇದೆ, ಪುಸ್ತಕ ಇದೆ ಅಂತ ಅವರ ಮುಖಕ್ಕೇ ಹೇಳ್ಕೊಂಡು ಬಂದಿದೀನಿ.”

ನಲವತ್ತೊಂದೂ ತೆಗೆದೆ. ತೆಗೆದಾಗಲೆಲ್ಲ ಹಿಂದಿನ ಪರದೆಯಲ್ಲಿ ಚಿತ್ರ ಚೆನ್ನಾಗಿ ಕಂಡಿತು. ಮೋಸಹೋದದ್ದು ಅಲ್ಲೇ. ತೆಗೆದ ಕ್ಷಣ ಪರದೆ ತೋರಿಸುವುದು ಕ್ಯಾಮೆರಾದ ಹೊಟ್ಟೆಯಲ್ಲಿರುವ ಚಿತ್ರವನ್ನು, ಕಾರ್ಡಿನೊಳಗೆ ಕೂತದ್ದನ್ನಲ್ಲ. ಕಾರ್ಡಿನೊಳಗಿನದು ಬೇಕಾದರೆ ನೋಡುವ ಗುಂಡಿ ಒತ್ತಿ, ಒಂದೊಂದನ್ನೂ ದೊಡ್ಡದು ಮಾಡಿ ನೋಡಬೇಕು.

ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಇಪ್ಪತ್ತೈದು ಮಾತ್ರ ನೆಟ್ಟಗಿದ್ದವು. ಉಳಿದವು ಅಡ್ಡಡ್ಡ ಸೀಳಿಹೋಗಿದ್ದವು. ಜಿಂಕೆಯ ಕೋಡು, ಜಿಂಕೆಯ ಹಣೆ, ಅಲ್ಲಿಂದ ಕೆಳಗೆ ಹಂದಿಯ ಬಾಯಿ. ಕಾಟಿಯ ಮೈಗೆ ಸೀಳುನಾಯಿಯ ಕಾಲು. ಒಂದರಲ್ಲಿ ಮುಖವಿರಬೇಕಾದ ಕಡೆ ಗುಲಾಬಿ ಬಣ್ಣದ ಪಟ್ಟಿ, ಅದರ ನಡುವೆ ಒಂದೇ ಒಂದು ಕಣ್ಣು. ಇಲ್ಲದ ಪ್ರಾಣಿಗಳನ್ನು ಯಾರೋ ಕುಳಿತು ಹೊಲಿದಂತಿತ್ತು.

ನನ್ನ ಹೆಂಡತಿ ಹಿಂದೆ ನಿಂತು ನೋಡಿದಳು. “ರೀ, ಇವೆಲ್ಲ ನಮ್ಗೆ ಬೇಡ ಕಣ್ರೀ. ಸತ್ತೋವ್ಕೆ ಫೋಟೋ ಇಷ್ಟ ಇಲ್ಲ ಅಂತ ಕಾಣ್ತದೆ.”

“ಸತ್ತೋವ್ಕೆ ಇಷ್ಟ ಇದೆ, ಆ ಗಲ್ಲಿಯೋನ್ ಕಾರ್ಡಿಗೆ ಇಷ್ಟ ಇಲ್ಲ ಬುಡು,” ಎಂದೆ.

ಮತ್ತೊಂದು ವಿಷಯ ಅವಳಿಗೆ ಹೇಳಲಿಲ್ಲ. ಕರಡಿಯನ್ನು ನಾಲ್ಕು ಸಲ ತೆಗೆದಿದ್ದೆ. ನಾಲ್ಕರಲ್ಲೂ ಅದರ ಬಲಭುಜದ ಮೇಲೆ, ಹಿಂದಿನ ಕತ್ತಲಲ್ಲಿ, ಎರಡು ಬಿಳಿ ಚುಕ್ಕೆ. ಒಂದರ ಪಕ್ಕ ಒಂದು, ಸಾಸಿವೆ ಕಾಳಿನಷ್ಟು. ಅಲ್ಲಿ ಗೋಡೆಯಲ್ಲಿ ಏನೂ ತೂಗುಹಾಕಿರಲಿಲ್ಲ. ಕಾರ್ಡಿನ ಕಸ ಅಂದುಕೊಂಡೆ.

ಮಂಗಳವಾರ ಬೆಳಗ್ಗೆ ವ್ಯಾಪಾರಿಯ ಗಲ್ಲಿಯಲ್ಲಿ ನಿಂತು ಗದ್ದಲ ಮಾಡಿದೆ. ಅವನು ಕಾರ್ಡನ್ನು ತನ್ನ ಕ್ಯಾಮೆರಾಗೆ ಹಾಕಿ ಹತ್ತು ಚಿತ್ರ ತೆಗೆದು ತೋರಿಸಿದ. ಹತ್ತೂ ಸರಿ.

“ಕಾರ್ಡ್ ಚೆನ್ನಾಗದೆ ಅಣ್ಣಾ. ನಿಮ್ ಕ್ಯಾಮೆರಾಗೇ ದೃಷ್ಟಿಯಾಗದೆ ನೋಡಿ.”

“ದೃಷ್ಟಿ ತೆಗೆಯೋಕೆ ಹೊಸ ಕಾರ್ಡ್ ಕೊಡು. ಪೊಟ್ಟಣ ನನ್ನೆದುರೇ ಒಡೀಬೇಕು.”

ಒಡೆದು ಕೊಟ್ಟ, ಹಳೆಯವೂ ನನ್ನಲ್ಲೇ ಉಳಿದವು. ಅದೇ ಮಧ್ಯಾಹ್ನ ಮತ್ತೆ ಶೆಡ್ಡು, ಮತ್ತೆ ನಲವತ್ತೊಂದು. ಫಲ ಮೊದಲಿಗಿಂತ ಕೆಟ್ಟದ್ದು. ಎರಡು ದಿನದ್ದನ್ನೂ ಸೇರಿಸಿ ಹೆಕ್ಕಿದರೆ ಒಳ್ಳೆಯ ಚಿತ್ರ ಮೂವತ್ತೆಂಟಕ್ಕೆ ಸಿಕ್ಕವು. ಮೂರು ಜಿಂಕೆ ತಲೆ ಎರಡೂ ದಿನ ಹಾಳಾಗಿದ್ದವು.

ಇಲ್ಲಿ ನಾನು ಒಂದು ಕೆಲಸ ಮಾಡಿದೆ, ಬರೆಯಲು ನಾಚಿಕೆಯಾಗುತ್ತದೆ. ಹನ್ನೊಂದು ಜಿಂಕೆ, ಎಲ್ಲಕ್ಕೂ ಕೋಡು, ಎಲ್ಲಕ್ಕೂ ಚುಕ್ಕೆ. ಹದಿನಾಲ್ಕನೇ ನಂಬರಿನ ಚಿತ್ರವನ್ನೇ ನಾಲ್ಕು ಪ್ರಿಂಟು ಹಾಕಿ, ಬಿಲ್ಲೆಯ ಜಾಗವನ್ನು ಕತ್ತರಿಸಿ, ಹಿಂದೆ ಬೇರೆ ಬೇರೆ ನಂಬರು ಬರೆದು ಬುಧವಾರ ಬೆಳಗ್ಗೆ ತೆಗೆದುಕೊಂಡು ಹೋದೆ.

ಟೀಚರು ಊಟದ ಮೇಜಿನ ಮೇಲೆ ಇಸ್ಪೀಟಿನ ಹಾಗೆ ಒಂದೊಂದೇ ಹರಡಿದರು. ನಿಧಾನಕ್ಕೆ ನಾಲ್ಕನ್ನು ಬೇರೆ ಎತ್ತಿಟ್ಟರು.

“ಇದು ಹದಿನಾಲ್ಕು. ಇದೂ ಹದಿನಾಲ್ಕೇ. ಇದೂ, ಇದೂ.”

“ಜಿಂಕೆ ಎಲ್ಲಾ ಒಂದೇ ಥರ ಅಲ್ವಾ ಮೇಡಂ...”

“ಐವತ್ತು ಮಕ್ಕಳಿಗೂ ಒಂದೇ ಯೂನಿಫಾರಂ ಸಾರ್. ನನಗೆ ಗೊತ್ತಾಗಲ್ವಾ? ಹದಿನಾಲ್ಕಕ್ಕೆ ಅಪ್ಪ ಒಂದು ಕಿವಿ ಸ್ವಲ್ಪ ಹಿಂದಕ್ಕೆ ತಿರುಗಿಸಿದಾರೆ, ಏನೋ ಕೇಳಿಸ್ಕೊಂಡ ಹಾಗೆ. ಇಲಾಖೆಯೋರು ಬಂದು ಫೋಟೋ ಹಿಡ್ಕೊಂಡು ಒಂದೊಂದೇ ತಾಳೆ ನೋಡ್ತಾರಂತೆ. ಮೂರಕ್ಕೆ ಫೋಟೋ ಸುಳ್ಳು ಅಂತಾದ್ರೆ ಮೂವತ್ತೆಂಟೂ ಸುಳ್ಳೇ. ಆಮೇಲೆ ನನ್ನ ಗತಿ?”

ಅವರು ಕೂಗಲಿಲ್ಲ. ತಪ್ಪು ಬರೆದ ಹುಡುಗನ ಕಾಪಿ ಹಿಂದಿರುಗಿಸುವ ಹಾಗೆ ನಾಲ್ಕು ಪ್ರಿಂಟನ್ನೂ ನನ್ನ ಕೈಗಿಟ್ಟರು. ಗಡುವಿಗೆ ಇನ್ನೆರಡು ದಿನ. ಸಾಹುಕಾರರ ಬೈಗುಳ ಎಷ್ಟೋ ತಿಂದಿದ್ದೇನೆ, ಇಷ್ಟು ಸುಟ್ಟಿರಲಿಲ್ಲ.

ಅಂಗಡಿಗೆ ಬಂದು ಕ್ಯಾಮೆರಾ ಮುಂದಿಟ್ಟುಕೊಂಡು ಕುಳಿತೆ. ಕಾರ್ಡು ಮೂರು, ಮೂರೂ ಕೆಟ್ಟವೆಂದರೆ ನಂಬಬಹುದು. ಆದರೆ ವ್ಯಾಪಾರಿಯ ಕ್ಯಾಮೆರಾದಲ್ಲಿ ಸರಿಯಿತ್ತಲ್ಲ? ಹೆಂಡತಿ ಟೀ ತಂದಳು. ಈಚೆ ತೆಗೆದಿಟ್ಟ ಹೊಸ ಕಾರ್ಡನ್ನು ಎತ್ತಿ, ಬೆರಳಲ್ಲಿ ಸವರಿ ನೋಡಿದಳು.

“ಇದ್ಕೂ ಪೂಜೆ ಮಾಡಿದ್ರಾ?”

“ಇಲ್ವಲ್ಲ. ನೆನ್ನೆ ತಾನೇ ಪೊಟ್ಟಣ ಒಡ್ಸಿದ್ದು.”

“ಮತ್ತೆ ಕುಂಕುಮ ಎಂಗೆ ಬಂತು?”

ಅವಳ ಬೆರಳಿನ ತುದಿ ಕೆಂಪಗಿತ್ತು.

ಆಗ ತಲೆಗೆ ಹೊಳೆಯಿತು. ಮೊದಲ ಎರಡು ಕಾರ್ಡಿನ ಮೇಲೆ ಒಣಗಿದ ಗಂಧ ಕುಂಕುಮ ಕ್ಯಾಮೆರಾದ ಬಾಯೊಳಗೆ ಉದುರಿ, ಅಲ್ಲಿರುವ ಕೂದಲೆಳೆಯಂಥ ತಂತಿಗಳ ಮೇಲೆ ಕೂತಿದೆ. ಆಮೇಲೆ ಎಂಥ ಕಾರ್ಡು ಹಾಕಿದರೂ ಅದಕ್ಕೂ ಅದೇ ಪ್ರಸಾದ. ಕ್ಯಾಮೆರಾ ಹೇಳಿದ್ದರಲ್ಲಿ ಅರ್ಧ ಕಾರ್ಡಿಗೆ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ.

“ದೇವ್ರೇ ಕೈ ಕೊಟ್ನಲ್ಲೇ!” ಎಂದೆ.

“ದೇವ್ರ ಮೇಲೆ ಯಾಕಾಕ್ತೀರಿ? ನಾಲಿಗೆ ಮೇಲೆ ಯಾರಾದ್ರೂ ಬೊಟ್ಟಿಡ್ತಾರಾ?”

ಕಾರ್ಡುಗಳ ತಗಡನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಕ್ಯಾಮೆರಾದ ಬಾಯಿಗೆ, ಸ್ಪಿರಿಟ್ಟಿನಲ್ಲಿ ಅದ್ದಿದ ತೆಳು ಬಟ್ಟೆಯನ್ನು ರಟ್ಟಿಗೆ ಸುತ್ತಿ, ಒಳಕ್ಕೆ ಹೊರಕ್ಕೆ ಆಡಿಸಿದೆ. ನಾಲ್ಕು ಬಟ್ಟೆ ಕೆಂಪಾಗಿ ಬಂದವು, ಐದನೆಯದು ಬಿಳಿ. ಒಂದು ಗಂಟೆ ಆರಲು ಬಿಟ್ಟು ಗೋಡೆ ಗಡಿಯಾರದ ಚಿತ್ರ ತೆಗೆಯಲು ಶುರು ಮಾಡಿದೆ, ಕಾರ್ಡು ತುಂಬುವವರೆಗೆ. ಹೊಸ ಕಾರ್ಡು ಕೊಂಡವರೆಲ್ಲ ಈ ಪರೀಕ್ಷೆ ಮಾಡಬೇಕು. ಸೆಕೆಂಡಿನ ಮುಳ್ಳು ಪ್ರತಿ ಚಿತ್ರದಲ್ಲೂ ಬೇರೆ ಕಡೆ ಇರುತ್ತದೆ. ಯಾವುದಾದರೂ ಕಾಣೆಯಾದರೆ, ಒಂದರ ಮೇಲೊಂದು ಕೂತರೆ, ಕೂಡಲೇ ಗೊತ್ತಾಗುತ್ತದೆ. ಮೂರು ಕಾರ್ಡೂ ತುಂಬಿಸಿ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಒಂದು ಗೆರೆಯೂ ಅಲುಗಿರಲಿಲ್ಲ.

ಗುರುವಾರ ಬೆಳಗ್ಗೆ ಶೆಡ್ಡಿಗೆ ಹೋದಾಗ ಮೈ ಹಗುರವಾಗಿತ್ತು. ಬಿಲ್ಲೆಯ ನಂಬರಿನ ಕ್ರಮದಲ್ಲಿ ಒಂದೊಂದೇ ತೆಗೆದೆ, ಅಲ್ಲೇ ಕಾರ್ಡಿನಿಂದ ತೆರೆದು ನೋಡಿ ಮುಂದಕ್ಕೆ ಹೋದೆ. ಟೀಚರು ಪುಸ್ತಕದಲ್ಲಿ ಗುರುತು ಹಾಕುತ್ತ ಬಂದರು. ನಲವತ್ತನೆಯದರವರೆಗೆ ಎಲ್ಲ ಶುದ್ಧ.

ನಲವತ್ತೊಂದು ಕರಡಿ. ತೆಗೆದೆ, ನೋಡಿದೆ. ಕೂದಲು ಕೂದಲೂ ಎಣಿಸುವಷ್ಟು ಚೆನ್ನಾಗಿ ಬಂದಿತ್ತು. ಬಲಭುಜದ ಮೇಲೆ ಎರಡು ಬಿಳಿ ಚುಕ್ಕೆಗಳೂ ಬಂದಿದ್ದವು.

ಕಾರ್ಡು ಬದಲಾಯಿಸಿದೆ. ಚುಕ್ಕೆ ಇತ್ತು. ಕ್ಯಾಮೆರಾದ ಕಣ್ಣಿನಲ್ಲೇ ಕಲೆಯಿರಬಹುದೆಂದು ಲೆನ್ಸಿಗೆ ಮುಚ್ಚಳ ಹಾಕಿ ತೆಗೆದೆ. ಪೂರ್ತಿ ಕಪ್ಪು, ಚುಕ್ಕೆ ಇಲ್ಲ. ಎರಡು ಹೆಜ್ಜೆ ಎಡಕ್ಕೆ ಸರಿದು ತೆಗೆದೆ. ಕಲೆಯಾಗಿದ್ದರೆ ಚಿತ್ರದಲ್ಲಿ ಅದೇ ಜಾಗದಲ್ಲಿ ಇರಬೇಕು. ಇರಲಿಲ್ಲ, ನಾನು ಸರಿದಂತೆ ಅವೂ ಕರಡಿಯ ಭುಜ ಬಿಟ್ಟು ತಲೆಯ ಕಡೆಗೆ ಸರಿದಿದ್ದವು. ಫ್ಲ್ಯಾಶ್ ಆರಿಸಿ ತೆಗೆದೆ. ಇಲ್ಲ. ಮತ್ತೆ ಫ್ಲ್ಯಾಶ್ ಹಾಕಿದೆ. ಬಂದವು.

ಕಾರ್ಡು ಕೆಟ್ಟಿದೆ ಅಂದುಕೊಂಡಿರುವಷ್ಟು ದಿನ ನಾನು ಆರಾಮಾಗಿದ್ದೆ. ಈಗ ಕಾರ್ಡು ಸರಿಯಿದೆ, ಕ್ಯಾಮೆರಾ ಸರಿಯಿದೆ. ಹಾಗಾದರೆ ತಪ್ಪು ಎಂದು ತಳ್ಳಿಹಾಕಲು ಏನೂ ಉಳಿದಿಲ್ಲ. ಆ ಎರಡು ಚುಕ್ಕೆ ಈ ಕೋಣೆಯಲ್ಲಿವೆ.

“ಮೇಡಂ, ಕರಡಿ ಹಿಂದೆ ಮೇಲುಗಡೆ ಏನಿದೆ?”

“ಅಟ್ಟ. ಹುಲ್ಲು, ತಂತಿ ಇಡ್ತಿದ್ರು. ಏಣಿ ಮುರಿದ ಮೇಲೆ ಯಾರೂ ಹತ್ತಿಲ್ಲ. ಯಾಕೆ?”

ಪಕ್ಕದ ಮನೆಯಿಂದ ಏಣಿ ತಂದು, ಟಾರ್ಚು ಬಾಯಲ್ಲಿ ಕಚ್ಚಿ ಹತ್ತಿದೆ. ಅಟ್ಟದ ಹಲಗೆಗೆ ತಲೆ ಸಮವಾದಾಗ ಅದು ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಚಿರತೆ. ಮುಂಗಾಲ ಮೇಲೆ ಗದ್ದವೂರಿ ಮಲಗಿತ್ತು. ಮೈಗೆ ಗೋಣಿತಾಟನ್ನು ಶಾಲಿನಂತೆ ಹೊದಿಸಿದ್ದರು, ಮುಖ ಮಾತ್ರ ಹೊರಗೆ. ಬಾಯಿ ಮುಚ್ಚಿತ್ತು. ಉಳಿದವಕ್ಕೆಲ್ಲ ಧೂಳು ಕೂತಿದ್ದ ಕಣ್ಣು ಇದಕ್ಕೆ ಯಾಕೋ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಕತ್ತಿನಲ್ಲಿ ಬಿಲ್ಲೆ ಇರಲಿಲ್ಲ.

“ಏನಿದೆ ಸಾರ್?”

“ಏನೂ ಇಲ್ಲ ಮೇಡಂ. ಹಳೇ ಪಾತ್ರೆ.”

“ಪಾತ್ರೆ ನೋಡಿದ್ರೆ ಕಾಲು ಹಾಗೆ ನಡುಗಲ್ಲ. ಇಳೀರಿ, ನಾನು ನೋಡ್ತೀನಿ.”

ಸೆರಗು ಸಿಕ್ಕಿಸಿಕೊಂಡು ಹತ್ತಿದರು. ಕೈ ಚಾಚಿ ಅದರ ಕಿವಿಯ ಹಿಂದೆ ಬೆರಳಾಡಿಸಿದ್ದು ಕಂಡಿತು.

“ಹೊಲಿಗೆ ಅಪ್ಪಂದೇ,” ಎಂದರು ಮೇಲಿನಿಂದಲೇ. “ಬಿಲ್ಲೆ ಇಲ್ಲ. ಪುಸ್ತಕದಲ್ಲೂ ಇಲ್ಲ. ಅಂದ್ರೆ ಬೇಟೆ ನಿಲ್ಸೋ ಕಾನೂನು ಬಂದ ಮೇಲೆ ಮಾಡಿದ್ದೇ ಇರ್ಬೇಕು ಇದು. ಕದ್ದು ಮಾಡಿದ್ದು.”

ಇಳಿದು ಬಂದು ನೆಲದ ಮೇಲೆ ಕೂತುಬಿಟ್ಟರು. ನಾನು ವ್ಯಾಪಾರದವನು, ಸುಮ್ಮನಿರಲು ಬರುವುದಿಲ್ಲ. “ನೋಡಿ ಮೇಡಂ, ಫೋಟೋದಲ್ಲಿ ಆ ಗೋಡೆ ಕತ್ತರಿಸಿಬುಡ್ತೀನಿ. ಕರಡಿ ಮಾತ್ರ ಇರ್ತದೆ. ಇದನ್ನ ಹಿತ್ತಲಲ್ಲಿ ಸುಟ್ಟುಬುಟ್ರೆ ಒಳಗೂ ಇಲ್ಲ, ಹೊರಗೂ ಇಲ್ಲ. ಪುಸ್ತಕದಲ್ಲಿ ನಲವತ್ತೊಂದು, ಗೋಡೇಲಿ ನಲವತ್ತೊಂದು. ನಿಮ್ಮಪ್ಪಾಜಿ ಹೆಸರೂ ಉಳೀತದೆ, ಕೆಲಸಾನೂ ಉಳೀತದೆ.”

“ಬರ್ದುಕೊಟ್ರೆ ಏನಾಗುತ್ತೆ?”

“ಕಾನೂನಾದ್ಮೇಲಿಂದು ಅಂತ ಅವರೇ ಹಿಡೀಬೋದು. ಕೇಸಂತೂ ಆಗ್ಬೋದು. ನೆಂಟರಿಗೆ ಹಬ್ಬ.”

ಅವರು ನಕ್ಕರು, ನಗುವಲ್ಲದ ನಗು. “ನಿನ್ನೆ ಹದಿನಾಲ್ಕನ್ನ ನಾಲ್ಕು ಸಲ ಕೊಟ್ರಿ. ನಾನು ಬೇಡ ಅಂದೆ. ಈಗ ನಾನೇ ನಲವತ್ತೆರಡನ್ನ ನಲವತ್ತೊಂದು ಅಂತ ಬರ್ದುಕೊಟ್ರೆ ನಿಮಗೂ ನನಗೂ ಏನು ವ್ಯತ್ಯಾಸ ಸಾರ್? ಸುಡೋದು ಅಂದ್ರಿ. ಇದು ಇಲ್ಲಿ ಇರೋವರೆಗೂ ಅಪ್ಪ ಒಂದು ಸಲ ತಪ್ಪು ಮಾಡಿದ್ರು. ಸುಟ್ರೆ ನಾನೂ ಮಾಡ್ದೆ ಅಂತಾಗುತ್ತೆ. ಇಳಿಸಿ. ಫೋಟೋ ತೆಗೀರಿ.”

ಇಬ್ಬರೂ ಸೇರಿ ಇಳಿಸಿದೆವು. ಹಿಡಿದರೆ ಏನೂ ತೂಕವಿಲ್ಲ, ಅದೇ ಹೆದರಿಕೆ ಹುಟ್ಟಿಸುವ ಸಂಗತಿ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಇಟ್ಟು ಎಡದಿಂದ, ಬಲದಿಂದ, ಮುಂದಿನಿಂದ ತೆಗೆದೆ. ಒಂದೇ ಚಿತ್ರವನ್ನು ಎರಡು ಕಾರ್ಡಿನಲ್ಲಿ ತೆಗೆದೆ. ಕಳೆದುಕೊಳ್ಳಬಾರದ ಚಿತ್ರವನ್ನು ಒಂದೇ ಕಾರ್ಡಿನ ಮೇಲೆ ನಂಬಿ ಬಿಡಬೇಡಿ, ಅದು ಎಷ್ಟೇ ಒಳ್ಳೆ ಕಾರ್ಡಾಗಿರಲಿ. ಯಾವ ಕಡೆ ನಿಂತರೂ ಅದು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಆಚೆಗೆ, ಬೇರೆ ಯಾರನ್ನೋ ನೋಡುತ್ತಿತ್ತು. ಕೆಲಸ ಮುಗಿದ ಮೇಲೆ ಮೊದಲಿದ್ದಲ್ಲೇ, ಮೊದಲಿದ್ದ ಹಾಗೇ ಏರಿಸಿಟ್ಟೆವು. ಯಾರಾದರೂ ಬಂದು ನೋಡಿದರೆ ಇದ್ದಂತೆಯೇ ಕಾಣಲಿ ಎಂದರು ಟೀಚರು.

ಶುಕ್ರವಾರ ಮಧ್ಯಾಹ್ನ ಕಚೇರಿಯಲ್ಲಿ ಅಧಿಕಾರಿ ನಲವತ್ತೆರಡು ಫೋಟೋಗಳನ್ನೂ ತಿರುವಿ, ಕೊನೆಯದರಲ್ಲಿ ನಿಂತರು.

“ಇದಕ್ಕೆ ನಂಬರ್ ಬಿಲ್ಲೆ ಇಲ್ಲವಲ್ಲಮ್ಮ?”

“ಇಲ್ಲ ಸಾರ್.”

“ಯಾರು ತಂದುಕೊಟ್ಟಿದ್ದು?”

“ಗೊತ್ತಿಲ್ಲ. ನೆನ್ನೆ ಅಟ್ಟದಲ್ಲಿ ಸಿಕ್ತು. ಮಾಡಿದ್ದು ನಮ್ಮಪ್ಪ.”

“ಯೋಚನೆ ಮಾಡಿ ಹೇಳಿ. ಹೇಳಿದ್ದನ್ನ ಬರ್ಕೋತೀನಿ.”

“ಹಾಗೇ ಬರ್ಕೊಳ್ಳಿ ಸಾರ್.”

ನನ್ನ ಜೀವಮಾನದಲ್ಲಿ ನೋಡಿದ ಚೌಕಾಸಿ ಇಲ್ಲದ ವ್ಯವಹಾರ ಅದೊಂದೇ. ಅಧಿಕಾರಿ ಬರೆದುಕೊಂಡರು, ಮೊಹರು ಒತ್ತಿ ಸ್ವೀಕೃತಿ ಕೊಟ್ಟರು.

ಆಮೇಲಿನ ಎರಡು ತಿಂಗಳು ಟೀಚರು ಹೇಗೆ ಶಾಲೆಗೆ ಹೋಗಿ ಬಂದರೋ ಅವರಿಗೇ ಗೊತ್ತು. ಒಂದು ದಿನ ಅಂಗಡಿಗೆ ಹೇಳಿಕಳಿಸಿದರು: ಇಲಾಖೆಯವರು ಬರುತ್ತಾರೆ, ಹಸ್ತಾಂತರದ ಫೋಟೋ ಬೇಕಂತೆ. ಹೋದೆ. ಅಧಿಕಾರಿ ನನ್ನ ಫೋಟೋಗಳನ್ನು ಹಿಡಿದು ಒಂದೊಂದು ತಲೆಯ ಮುಂದೆಯೂ ನಿಂತು ತಾಳೆ ನೋಡಿದರು. ಹದಿನಾಲ್ಕರ ಮುಂದೆ ನಿಂತಾಗ ನಾನು ಲೆನ್ಸು ಒರೆಸತೊಡಗಿದೆ. ನಲವತ್ತೊಂದೂ ಹೊಂದಿದವು, ಅವು ಮನೆಯಲ್ಲೇ ಉಳಿಯಬಹುದೆಂದು ಆಯಿತು. ನಲವತ್ತೆರಡನ್ನು ತಾವು ಒಯ್ಯುತ್ತೇವೆ ಎಂದರು. “ಮಾಡಿದವರು ಇಲ್ಲ. ನೀವಾಗೇ ಗಡುವಿನೊಳಗೆ ತಿಳಿಸಿದ್ದೀರಿ. ನಿಮ್ಮ ಮೇಲೆ ಏನೂ ಇಲ್ಲಮ್ಮ,” ಎಂದರು. ಟೀಚರು ಗೋಡೆಗೆ ಕೈ ಊರಿ ನಿಂತರು.

ಇಬ್ಬರು ಏಣಿ ಹತ್ತಿದರು. ಚಿರತೆಯನ್ನು ಎತ್ತುವ ಮೊದಲು ಅಧಿಕಾರಿ ಅದರ ಜಾಗದ ಒಂದು ಫೋಟೋ ಕೇಳಿದರು. ಏಣಿಯ ಮೇಲೆ ನಿಂತು ಅದರ ತಲೆಯ ಹಿಂದಿನಿಂದ, ಅದು ನೋಡುತ್ತಿದ್ದ ಕಡೆ ಕಾಣುವಂತೆ ತೆಗೆದೆ. ಆ ಚಿತ್ರವನ್ನು ಟೀಚರು ಕ್ಯಾಮೆರಾದ ಪರದೆಯಲ್ಲಿ ನೋಡಿದವರು ಕ್ಯಾಮೆರಾ ವಾಪಸು ಕೊಡಲೇ ಇಲ್ಲ, ಹಾಗೇ ಹಿಡಿದುಕೊಂಡರು.

“ಇದು ಬಾಗಿಲ ಕಡೆ ನೋಡ್ತಿಲ್ಲ ಸಾರ್,” ಎಂದರು. “ಅಗೋ, ಆ ಮೂಲೆ. ಅಪ್ಪನ ಬಲ್ಬಿಗೆ ತಗಡಿನ ಟೋಪಿ ಇತ್ತು, ಬೆಳಕೆಲ್ಲ ಕೆಳಗೇ. ಅವರು ಕೆಲಸ ಮಾಡ್ತಿದ್ರೆ ನಾನು ಆ ಮೂಲೇಲಿ ಚಾಪೆ ಹಾಕ್ಕೊಂಡು ಓದ್ತಿದ್ದೆ. ಹೈಸ್ಕೂಲ್ ಮುಗಿಯೋವರೆಗೂ. ನಾನು ಒಂದು ಸಲಾನೂ ತಲೆ ಎತ್ತಿ ಅಟ್ಟ ನೋಡ್ಲಿಲ್ಲ.”

ಜೀಪು ಹೋಯಿತು. ಶೆಡ್ಡಿನಲ್ಲಿ ನಾವಿಬ್ಬರೇ. ಅವರು ಆ ಮೂಲೆಗೆ ಹೋಗಿ ಬರಿನೆಲದ ಮೇಲೆ ಕಾಲು ಮಡಚಿ ಕೂತು, ಖಾಲಿ ಅಟ್ಟದ ಕಡೆ ಮುಖ ಮಾಡಿದರು.

“ಇಲ್ಲಿಂದ ಒಂದು ತೆಗೀರಿ.”

ಅವರ ಪಕ್ಕ ಮಂಡಿಯೂರಿ ಫ್ಲ್ಯಾಶ್ ಹಾಕಿ ತೆಗೆದೆ. ಕಾರ್ಡಿನಿಂದ ತೆರೆದು, ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ಮಾಡಿ, ಮೂಲೆ ಮೂಲೆಯೂ ನೋಡಿದೆ. ಹಲಗೆ, ಕತ್ತಲು.

“ಏನೂ ಇಲ್ಲ ಮೇಡಂ.”

“ಕಾರ್ಡ್ ಸರಿಯಾಗಿದೆ ತಾನೇ?”

ಸರಿಯಾಗಿದೆ ಎಂದೆ. ಆಮೇಲೆ ಜೇಬಿನಿಂದ ಇನ್ನೊಂದು ಕಾರ್ಡು ತೆಗೆದು ಹಾಕಿ, ಅಟ್ಟದ ಚಿತ್ರವನ್ನು ಮತ್ತೊಮ್ಮೆ ತೆಗೆದೆ.